ಮೊದಲು ಹುಳು, ಆಮೇಲೆ ಕೋಲು: ಹೆಪ್ಪುಗಟ್ಟಿದ ಕೆರೆಯಲ್ಲಿ ಸಣ್ಣ ಮೀನಿಗೆ ಗಾಳ ಹಾಕುವ ಬಗೆ

ನಮ್ಮೂರ ಕೆರೆ ಏರಿಯ ಮೇಲೆ ಕೂತು ಗಾಳ ಹಾಕುತ್ತಿದ್ದ ಕಾಲದಲ್ಲಿ ಸಾಮಾನಿನ ಚಿಂತೆಯೇ ಇರಲಿಲ್ಲ. ಒಂದು ಬಿದಿರು ಗಳ, ಎರಡು ಮಾರು ನೈಲಾನ್ ದಾರ, ಶೆಟ್ಟರ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತಿದ್ದ ಗಾಳ, ಬೆಂಡಿಗೆ ಹಳೇ ಹವಾಯಿ ಚಪ್ಪಲಿಯ ಒಂದು ತುಂಡು. ಬಚ್ಚಲ ನೀರು ಹೋಗುವ ಕಡೆ ಅಗೆದರೆ ಎರೆಹುಳು ಬೇಕಾದಷ್ಟು. ಮಿಕ್ಕ ಕೆಲಸವನ್ನು ಹುಳುವೇ ನೋಡಿಕೊಳ್ಳುತ್ತಿತ್ತು. ಅದು ಒದ್ದಾಡುತ್ತಿತ್ತು, ವಾಸನೆ ಬಿಡುತ್ತಿತ್ತು, ಮೀನು ಬರುತ್ತಿತ್ತು.

ಆ ಧೈರ್ಯದಲ್ಲೇ ಅಮೆರಿಕದ ಮಿನೆಸೋಟ ರಾಜ್ಯದ ಮೊದಲ ಚಳಿಗಾಲದಲ್ಲಿ ಅಂಗಡಿಗೆ ಹೋಗಿ, ಕಣ್ಣಿಗೆ ಚೆನ್ನಾಗಿ ಕಂಡ ಒಂದು ಐಸ್ ರಾಡ್, ಅಂದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಗಾಳ ಬಿಡುವ ಗಿಡ್ಡ ಕೋಲು, ಕೊಂಡೆ. ಕೈಯಲ್ಲಿ ಹಿಡಿದರೆ ಶ್ಯಾವಿಗೆ ಹಾಗೆ ಬಳುಕುತ್ತಿತ್ತು. ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್‌ನಲ್ಲಿ ಮೆಡಿಸಿನ್ ಲೇಕ್ ಅಂತ ಒಂದು ದೊಡ್ಡ ಕೆರೆ ಇದೆ. ಅದರ ಮೇಲೆ ಎರಡು ಗಂಟೆ ಕೂತೆ. ಒಂದು ಮೀನೂ ಇಲ್ಲ. ಹತ್ತು ಹೆಜ್ಜೆ ಆಚೆ ಕೂತಿದ್ದ ಅಜ್ಜ ಅಷ್ಟೇ ಆಳಕ್ಕೆ, ಅದೇ ಬಣ್ಣದ ಪ್ಲಾಸ್ಟಿಕ್ ಹುಳು ಬಿಟ್ಟು ಒಂದಾದ ಮೇಲೊಂದು ಎತ್ತುತ್ತಿದ್ದರು. ಕೊನೆಗೆ ಅವರಿಗೇ ಕನಿಕರ ಬಂತು. ನನ್ನ ರಾಡ್ ಇಸ್ಕೊಂಡು ಒಂದು ಸಲ ಅಲ್ಲಾಡಿಸಿ ನೋಡಿ ನಕ್ಕರು. ಮೇಲೆ ನಾನು ಕುಣಿಸುತ್ತಿದ್ದೇನೆ, ಕೆಳಗೆ ಹುಳು ಮಲಗಿದೆ. ಅವರು ಹೇಳಿದ್ದರ ಸಾರ ಇಷ್ಟೇ.

ಅಲ್ಲಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಹುಳುವಿಗೆ ಜೀವ ಇಲ್ಲ. ಅದಕ್ಕೆ ಜೀವ ಬರುವುದು ನಿಮ್ಮ ರಾಡಿನ ತುದಿಯಿಂದ. ಅದಕ್ಕೇ ಸಾಮಾನನ್ನು ಮೀನಿನ ಬಾಯಿಯಿಂದ ಹಿಂದಕ್ಕೆ ಆರಿಸುತ್ತಾ ಬರಬೇಕು. ಮೊದಲು ಹುಳು, ಆಮೇಲೆ ಜಿಗ್ ಅನ್ನುವ ಗುಂಡಿನ ಗಾಳ, ಆಮೇಲೆ ದಾರ, ಆಮೇಲೆ ರಾಡ್, ಕಟ್ಟಕಡೆಗೆ ದಾರ ಸುತ್ತುವ ರೀಲ್. ಬಹಳ ಜನ ನನ್ನ ಹಾಗೆ ರಾಡಿನಿಂದ ಶುರು ಮಾಡಿ ಕೆಡುತ್ತಾರೆ.

ಯಾವ ಮೀನು, ಯಾಕೆ ಇಷ್ಟು ನಾಜೂಕು

ಇಲ್ಲಿ ಪ್ಯಾನ್‌ಫಿಶ್ ಅಂದರೆ ಬಾಣಲೆಗೆ ಇಡಿಯಾಗಿ ಹೊಂದುವ ಸಣ್ಣ ಮೀನುಗಳು. ಬ್ಲೂಗಿಲ್, ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್. ಬ್ಲೂಗಿಲ್ ನೋಡಿದಾಗ ನಮ್ಮ ಜಿಲೇಬಿ ಮೀನು ನೆನಪಾಗುತ್ತದೆ. ಅದೇ ತಟ್ಟೆಯಂಥ ಮೈ, ಅದೇ ಮುಳ್ಳಿನ ಬೆನ್ನು. ಆದರೆ ಬಾಯಿ ಮಾತ್ರ ತೀರಾ ಚಿಕ್ಕದು, ಒಂದು ಬಟಾಣಿ ಹಿಡಿಯುವಷ್ಟು. ಕ್ರಾಪಿಯದ್ದು ಅದಕ್ಕೆ ಉಲ್ಟಾ. ಬಾಯಿ ಅಗಲ, ತುಟಿಯ ಚರ್ಮ ಮಾತ್ರ ಕಾಗದದಷ್ಟು ತೆಳು. ಜೋರಾಗಿ ಎಳೆದರೆ ಹರಿದೇ ಹೋಗುತ್ತದೆ.

ನೀರು ಅತಿ ಭಾರ ಇರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಮೇಲೆ ಹಿಮದ ಮುಚ್ಚಳ ಇದ್ದರೂ ಕೆರೆ ತಳದಲ್ಲಿ ಸುಮಾರು ಅಷ್ಟು ಬೆಚ್ಚಗಿನ ನೀರು ಉಳಿದಿರುತ್ತದೆ. ಮೀನು ಸಾಯುವುದಿಲ್ಲ, ಆದರೆ ನಿಧಾನ ಆಗುತ್ತದೆ. ಓಡಿ ಬಂದು ನುಂಗುವುದಿಲ್ಲ. ಹತ್ತಿರ ಬಂದು ನಿಂತು, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡುತ್ತದೆ. ಒಪ್ಪಿಗೆಯಾದರೆ ಬಾಯಿ ತೆರೆದು ನೀರಿನ ಜೊತೆ ಹೀರುತ್ತದೆ. ಅಷ್ಟೇ ಬೇಗ ಉಗುಳುತ್ತದೆ. ನಮ್ಮ ಇಡೀ ಸಾಮಾನು ಇರುವುದು ಆ ಹೀರುವ ಮತ್ತು ಉಗುಳುವ ನಡುವಿನ ಒಂದು ಗಳಿಗೆಗೆ.

ಇದೆಲ್ಲಕ್ಕೂ ಮೊದಲು ಎರಡು ಮಾತು. ಮಿನೆಸೋಟದಲ್ಲಿ 16 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕು. ಚಳಿಗಾಲದಲ್ಲಿ ಹಿಮದ ತೂತಿನಲ್ಲಿ ಎರಡು ಗಾಳ ಬಿಡಬಹುದು. ದಿನಕ್ಕೆ ಎಷ್ಟು ಮೀನು ಅನ್ನೋದು ಕೆರೆಯಿಂದ ಕೆರೆಗೆ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಇನ್ನು ಹಿಮದ ದಪ್ಪ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಪ್ರಕಾರ ನಡೆದು ಹೋಗಲು ಕನಿಷ್ಠ 4 ಇಂಚು ಹೊಸ, ತಿಳಿ ಹಿಮ ಬೇಕು. ಹಾಲಿನ ಹಾಗೆ ಬೆಳ್ಳಗಿದ್ದರೆ ಅದರ ಎರಡರಷ್ಟು. ಒಂದು ಕಡೆ 6 ಇಂಚು ಇದ್ದರೆ ಐವತ್ತು ಹೆಜ್ಜೆ ಆಚೆ 3 ಇರಬಹುದು, ದಾರಿಯುದ್ದಕ್ಕೂ ಕುಟ್ಟಿ ನೋಡುತ್ತಾ ಹೋಗಿ. ಕುತ್ತಿಗೆಗೆ ಐಸ್ ಪಿಕ್, ಅಂದರೆ ಹಿಡಿ ಇರುವ ಚೂಪು ಮೊಳೆಗಳ ಜೋಡಿ, ಹಾಕಿಕೊಳ್ಳಿ. ಬಿದ್ದರೆ ಅಂಚಿಗೆ ಚುಚ್ಚಿ ಮೇಲೆ ಬರಲು ಅದೇ ಗತಿ. ಒಬ್ಬರೇ ಹೋಗಬೇಡಿ. ಊರಲ್ಲಿ ಈಜು ಬರುತ್ತಿತ್ತು ಅನ್ನೋ ಮಾತು ಇಲ್ಲಿ ನಡೆಯಲ್ಲ.

ಮೊದಲನೆಯದು: ಹುಳು

ನಿಜವಾದ ಹುಳುವೂ ಸಿಗುತ್ತದೆ. ವ್ಯಾಕ್ಸ್‌ವರ್ಮ್ ಅಂತ, ಜೇನುಗೂಡು ತಿನ್ನುವ ಪತಂಗದ ಮರಿ. ಚೆನ್ನಾಗಿ ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಆದರೆ ನಮ್ಮ ಮನೆಯಲ್ಲಿ ಫ್ರಿಜ್ ಒಳಗೆ ಹುಳು ಇಡುವ ಹಾಗಿಲ್ಲ. ಮೊಸರಿನ ಡಬ್ಬಿ ಪಕ್ಕದಲ್ಲಿ ಒಂದು ಸಲ ಇಟ್ಟು ಸಿಕ್ಕಿಬಿದ್ದ ಮೇಲೆ ಆ ಕಾನೂನು ಬಂತು. ಹಾಗಾಗಿ ನಾನು ಪ್ಲಾಸ್ಟಿಕ್‌ಗೆ ಬಂದೆ. ಬಂದ ಮೇಲೆ ತಿಳಿಯಿತು, ಇದರಲ್ಲಿ ಬೇರೆ ಲಾಭವೂ ಇದೆ. ಒಂದು ಮೀನು ಹಿಡಿದ ಮೇಲೆ ಹೊಸ ಹುಳು ಪೋಣಿಸಬೇಕಿಲ್ಲ. ಮೈನಸ್ 20ರಲ್ಲಿ ಗ್ಲೌಸ್ ಬಿಚ್ಚುವುದು ಎಷ್ಟು ಕಮ್ಮಿಯಾದರೆ ಅಷ್ಟು ಒಳ್ಳೆಯದು, ಅಲ್ವಾ?

ಪಿವಿಸಿಯನ್ನು ಮೆದು ಮಾಡುವ ಎಣ್ಣೆಯಂಥ ರಾಸಾಯನಿಕದ ಜೊತೆ ಕಾಯಿಸಿ ಅಚ್ಚಿಗೆ ಹೊಯ್ದರೆ ಈ ಹುಳು ಆಗುತ್ತದೆ. ಚಳಿಗೆ ಇದು ಗಡುಸಾಗುತ್ತದೆ. ಬೇಸಿಗೆಯಲ್ಲಿ ಬಳುಕುವ ಹುಳು ಜನವರಿಯಲ್ಲಿ ಬೆಂಕಿಕಡ್ಡಿ ಥರ ನಿಲ್ಲಬಹುದು. ಅದಕ್ಕೇ ಅಂಗಡಿಯಲ್ಲಿ ಪೊಟ್ಟಣದ ಮೇಲಿಂದಲೇ ಒತ್ತಿ ನೋಡಿ, ಇದ್ದುದರಲ್ಲಿ ತೀರಾ ಮೆದುವಾದದ್ದು ಆರಿಸಿ. ಬಾಲ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ನೀವು ಉಸಿರು ಬಿಟ್ಟರೆ ಬಾಲ ಅಲ್ಲಾಡಬೇಕು. ಇದು ಉಪಮೆ ಅಲ್ಲ, ನಾನು ನಿಜವಾಗಿ ಊದಿ ನೋಡುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಅಳತೆ ಹೀಗೆ. ಬ್ಲೂಗಿಲ್‌ಗೆ 1 ಇಂಚು ಅಥವಾ ಅದಕ್ಕಿಂತ ಚಿಕ್ಕದು. ಕ್ರಾಪಿಗೆ ಒಂದೂವರೆ ಇಂಚಿನವರೆಗೆ ಹೋಗಬಹುದು, ಸಣ್ಣ ಮೀನಿನ ಆಕಾರದ್ದಾದರೂ ಸರಿ. ಚಳಿಗಾಲದಲ್ಲಿ ಈ ಮೀನುಗಳ ಊಟದಲ್ಲಿ ಕೆರೆ ತಳದ ಕೆಸರಿನಲ್ಲಿ ಬದುಕುವ ಕೆಂಪು ಹುಳುಗಳದ್ದು ದೊಡ್ಡ ಪಾಲು. ಅವು ಒಂದು ಬಗೆಯ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದಲೇ ಅವು ಕೆಂಪು. ಹಾಗಾಗಿ ಕೆಂಪು ಬಣ್ಣದ, ತೆಳ್ಳನೆ ದಾರದಂಥ ಬಾಲದ ಹುಳುವನ್ನು ಕಣ್ಣು ಮುಚ್ಚಿ ಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ಕಂಪನಿಗಳು ನಮ್ಮನ್ನು ಹಿಡಿಯುತ್ತವೆ, ಮೀನನ್ನಲ್ಲ. ಗೋಡೆ ತುಂಬ ಐವತ್ತು ಬಣ್ಣ ನೇತುಹಾಕಿರುತ್ತಾರೆ. ನನ್ನ ಡಬ್ಬಿಯಲ್ಲಿ ಮೂರೇ ಇವೆ. ಕೆಂಪು, ಬಿಳಿ, ಕಪ್ಪು. ಕತ್ತಲಾದ ಮೇಲೆ ಕ್ರಾಪಿಗೆ ಅಂತ ಮಿನುಗುವ ಹಸಿರು ಒಂದು ಪೊಟ್ಟಣ. ಅಷ್ಟು ಸಾಕು.

ಎರಡನೆಯದು: ಜಿಗ್

ಜಿಗ್ ಅಂದರೆ ತಲೆಗೆ ಲೋಹದ ಗುಂಡು ಕೂಡಿಸಿದ ಗಾಳ. ಮೊದಲು ಸೀಸದ್ದೇ ಜಾಸ್ತಿ ಇತ್ತು. ಈಗ ಟಂಗ್‌ಸ್ಟನ್ ಬಂದಿದೆ, ದುಬಾರಿ. ಹೆಚ್ಚು ದುಡ್ಡು ಕೊಡಬೇಕಾದ ಒಂದು ಜಾಗ ಇದ್ದರೆ ಇದೇ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಟಂಗ್‌ಸ್ಟನ್‌ನದ್ದು 19.3. ಅಂದರೆ ಅಷ್ಟೇ ತೂಕದ ಗುಂಡು ತುಂಬಾ ಚಿಕ್ಕದಾಗಿ ಸಿಗುತ್ತದೆ. ಚಿಕ್ಕ ಬಾಯಿಗೆ ಚಿಕ್ಕ ಗುಂಡು. ಜೊತೆಗೆ ಬೇಗ ಇಳಿಯುತ್ತದೆ, ದಾರವನ್ನು ಬಿಗಿಯಾಗಿ ಹಿಡಿಯುತ್ತದೆ. ದಾರ ಬಿಗಿ ಇದ್ದರೆ ಮಾತ್ರ ರಾಡಿನ ನಡುಕ ಹುಳುವಿನವರೆಗೆ ಹೋಗುವುದು.

ಸೀಸ ಬಿಡಲು ಇನ್ನೊಂದು ಕಾರಣ ಇದೆ. ಮಿನೆಸೋಟದ ರಾಜ್ಯ ಪಕ್ಷಿ ಲೂನ್. ತಿಂದದ್ದನ್ನು ಅರೆಯಲು ಅದು ಕೆರೆ ತಳದ ಸಣ್ಣ ಕಲ್ಲು ನುಂಗುತ್ತದೆ. ಕಲ್ಲಿನ ಜೊತೆ ನಾವು ಕಳೆದುಕೊಂಡ ಒಂದು ಸೀಸದ ಗುಂಡು ಹೋದರೆ ಅದಕ್ಕೆ ವಿಷ. ಬೇಸಿಗೆಯ ಸಂಜೆ ಆ ಹಕ್ಕಿಯ ಕೂಗು ಒಂದು ಸಲ ಕೇಳಿದವರು ಸೀಸ ಕೊಳ್ಳಲ್ಲ ಅನ್ನೋದು ನನ್ನ ನಂಬಿಕೆ.

ಗಾತ್ರ ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. ಹತ್ತು ಅಡಿ ಒಳಗಿನ ನೀರಿಗೆ, ಮೀನು ತುಂಬಾ ಹಟ ಮಾಡುವ ದಿನಕ್ಕೆ 3 ಮಿಮೀ. ಹೆಚ್ಚುಕಮ್ಮಿ ಎಲ್ಲಕ್ಕೂ 4 ಮಿಮೀ. ಇಪ್ಪತ್ತು ಅಡಿ ದಾಟಿದರೆ 5 ಮಿಮೀ. ನಾಲ್ಕರದ್ದು ಒಂದು ಸಣ್ಣ ಮೆಣಸಿನ ಕಾಳಿನಷ್ಟು, ತೂಕ ಒಂದು ಗ್ರಾಂ ಒಳಗೆ. ಒಂದೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಒಂದೇ ಅಂತ ಒಂದನ್ನೇ ಕೊಂಡು ಹೋಗಬೇಡಿ ಮಾತ್ರ. ಹಿಮದ ಮೇಲೆ ಬಿದ್ದ ಮೆಣಸಿನ ಕಾಳು ಹುಡುಕಿದ್ದೀರಾ?

ಈಗ ಪೋಣಿಸುವುದು. ಇದನ್ನು ಮನೆಯಲ್ಲೇ, ಬೆಚ್ಚಗೆ ಕೂತು ಮಾಡಿ. ಹುಳುವಿನ ತಲೆಯ ನಟ್ಟ ನಡುವೆ ಗಾಳದ ಮೊನೆ ಚುಚ್ಚಿ. ಹೂವು ಪೋಣಿಸುವ ಹಾಗೆ ಗಾಳದ ಬಾಗಿನ ಉದ್ದಕ್ಕೂ ಹುಳುವನ್ನು ನಿಧಾನವಾಗಿ ಮೇಲಕ್ಕೆ ಜಾರಿಸಿ. ಸ್ವಲ್ಪ ದೂರಕ್ಕೆ ಮೊನೆಯನ್ನು ಬೆನ್ನಿನಿಂದ ಹೊರಗೆ ತನ್ನಿ. ಹುಳು ಗುಂಡಿಗೆ ಅಂಟಿಕೊಂಡಿರಬೇಕು. ಮೈ ನೇರ ಇರಬೇಕು. ಸೊಟ್ಟ ಆಯಿತೋ, ಎಳೆದಾಗ ಗಿರಗಿರ ತಿರುಗುತ್ತದೆ. ತಿರುಗುವ ಹುಳು ಕೆರೆಯಲ್ಲಿ ಎಲ್ಲೂ ಇಲ್ಲ. ಬ್ಲೂಗಿಲ್‌ಗೆ ಅದು ಗೊತ್ತು.

ಪೊಟ್ಟಣದಲ್ಲಿ ಮಡಚಿ ಬಾಲ ಸೊಟ್ಟ ಆಗಿದ್ದರೆ ಬಿಸಿ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ. ಹೊಸದರ ಹಾಗೆ ಆಗುತ್ತದೆ. ಕಾಫಿ ಲೋಟ ಬಳಸಬೇಡಿ.

ಗಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್‌ಗೆ ನಾನು ಹೆಚ್ಚಾಗಿ ಅಡ್ಡ ಮಲಗುವ ಜಿಗ್ ಬಳಸುತ್ತೇನೆ, ಅಂದರೆ ದಾರದ ಕಣ್ಣು ಗುಂಡಿನ ನೆತ್ತಿಯ ಮೇಲೆ ಇರುವಂಥದ್ದು. ನೀರಿನಲ್ಲಿ ಅದು ಈಜುವ ಹುಳುವಿನ ಹಾಗೆ ಅಡ್ಡಡ್ಡ ತೂಗಬೇಕು. ಆದರೆ ಒಂದು ಮೀನು ಎಳೆದ ಮೇಲೆ ಗಂಟು ಮುಂದಕ್ಕೆ ಜಾರಿ, ಜಿಗ್ ಗಾಳ ಕೆಳಗಾಗಿ ನೇತಾಡುತ್ತದೆ. ನನ್ನ ಮೊದಲ ವರ್ಷದ ಅರ್ಧ ಸೋಲು ಇದರಿಂದಲೇ. ಪ್ರತಿ ಮೀನಿನ ಮೇಲೂ ಉಗುರಿನಿಂದ ಗಂಟನ್ನು ಹಿಂದಕ್ಕೆ ತಳ್ಳಿ, ತೂತಿನ ಬಾಯಲ್ಲೇ ಜಿಗ್ ನೀರಿಗೆ ಇಳಿಸಿ ಹೇಗೆ ತೂಗುತ್ತಿದೆ ನೋಡಿ, ಆಮೇಲೆ ಬಿಡಿ. ಮೂರು ಸೆಕೆಂಡಿನ ಕೆಲಸ.

ಮೂರನೆಯದು: ದಾರ

ದಾರ ಎಷ್ಟು ಎಳೆತ ತಡೆಯುತ್ತದೆ ಅನ್ನೋದನ್ನು ಪೌಂಡಿನಲ್ಲಿ ಬರೆದಿರುತ್ತಾರೆ. 2 ಪೌಂಡಿನಿಂದ 4 ಪೌಂಡ್ ಒಳಗಿನದ್ದು ಬೇಕು. ನಾನು 3ಕ್ಕೆ ನಿಂತಿದ್ದೇನೆ. ಮಾನೋಫಿಲಮೆಂಟ್, ಅಂದರೆ ಒಂದೇ ಎಳೆಯ ನೈಲಾನ್ ದಾರ, ಮೆದು, ಅಗ್ಗ, ಗಂಟು ಚೆನ್ನಾಗಿ ಕೂರುತ್ತದೆ. ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಅದೇ ಅದರ ದೋಷ. ಫ್ಲೋರೊಕಾರ್ಬನ್ ಅನ್ನುವ ಇನ್ನೊಂದು ಬಗೆಯ ದಾರ ನೀರಿಗಿಂತ ಭಾರ, ಮುಳುಗುತ್ತದೆ, ನೀರಿನಲ್ಲಿ ಕಡಿಮೆ ಕಾಣುತ್ತದೆ. ಆಳದ ನೀರಿಗೆ ಒಳ್ಳೆಯದು. ಆದರೆ ಗಡುಸು, ಸುತ್ತಿದ ಸುರುಳಿ ಸುಲಭಕ್ಕೆ ನೇರ ಆಗುವುದಿಲ್ಲ. ಹೆಣೆದ ದಾರ, ಬ್ರೇಡ್ ಅಂತಾರಲ್ಲ, ಅದು ಟೆಂಟ್ ಇಲ್ಲದೆ ಹೊರಗೆ ಕೂತು ಹಿಡಿಯುವವರಿಗೆ ಬೇಡವೇ ಬೇಡ. ನೀರು ಹೀರಿ, ರಾಡಿನ ಉಂಗುರದಲ್ಲಿ ಹೆಪ್ಪುಗಟ್ಟಿ ಕಡ್ಡಿ ಆಗುತ್ತದೆ.

ಯಾವ ದಾರವೇ ಆಗಲಿ, ರೀಲಿನಲ್ಲಿ ಸುತ್ತಿ ಇಟ್ಟಿದ್ದರೆ ಸ್ಪ್ರಿಂಗ್ ಹಾಗೆ ಸುರುಳಿ ಆಗಿರುತ್ತದೆ. ಒಂದು ಗ್ರಾಂ ಜಿಗ್ ಆ ಸುರುಳಿಯನ್ನು ಬಿಡಿಸಲಾರದು. ಕೆರೆಗೆ ಹೋದ ಕೂಡಲೇ ಹತ್ತು ಹದಿನೈದು ಅಡಿ ದಾರ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೇರ ಮಾಡಿ. ಪ್ರತಿ ವರ್ಷ ಹೊಸ ದಾರ ಹಾಕಿ. ಈ ಇಡೀ ಲೆಕ್ಕದಲ್ಲಿ ತೀರಾ ಅಗ್ಗದ ಖರ್ಚು ಇದೇ.

ನಾಲ್ಕನೆಯದು: ರಾಡ್

ಈಗ ಅಂಗಡಿಗೆ ಹೋಗಿ. ಹೋಗುವಾಗ ಹುಳು ಪೋಣಿಸಿದ 4 ಮಿಮೀ ಜಿಗ್ ಒಂದನ್ನು ಎರಡಡಿ ದಾರಕ್ಕೆ ಕಟ್ಟಿ, ಸಣ್ಣ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳಿ. ಬಳೆ ಅಂಗಡಿಗೆ ಕೈ ಬಿಟ್ಟು ಹೋಗುತ್ತೀರಾ? ಹಾಗೇ ಇದು.

ರಾಡ್ ಎಷ್ಟು ಮೆದು ಅಂತ ಹೇಳಲು ಅದರ ಮೇಲೆ ಬರೆದಿರುವ ಅಲ್ಟ್ರಾ ಲೈಟ್, ಲೈಟ್ ಅನ್ನುವ ಪದಗಳನ್ನು ಅರ್ಧ ನಂಬಿ. ಒಂದು ಕಂಪನಿಯ ಅಲ್ಟ್ರಾ ಲೈಟ್ ಇನ್ನೊಂದರ ಲೈಟ್ ಆಗಿರುತ್ತದೆ. ಅದರ ಬದಲು ಈ ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ದಾರವನ್ನು ತುದಿಯ ಉಂಗುರಕ್ಕೆ ಸಿಕ್ಕಿಸಿ ಜಿಗ್ ನೇತುಬಿಡಿ. ತುದಿ ಸ್ವಲ್ಪವೇ ತಲೆ ಬಾಗಿಸಬೇಕು, ಒಂದು ಬೆರಳಿನ ದಪ್ಪದಷ್ಟು. ಅಲ್ಲಾಡದೆ ನೇರ ನಿಂತರೆ ಆ ರಾಡ್ ನಿಮ್ಮ ಜಿಗ್‌ನ ತೂಕವನ್ನೇ ಗುರುತಿಸುತ್ತಿಲ್ಲ, ಮೀನಿನ ಹೀರುವಿಕೆ ಗುರುತಿಸುವುದು ದೂರದ ಮಾತು. ಅರ್ಧ ರಾಡ್ ಬಾಗಿದರೆ ತುಂಬಾ ಮೆದು.

ಎರಡನೆಯದು ಮುಖ್ಯ. ಹಾಗೇ ಹಿಡಿದುಕೊಂಡು ಇನ್ನೊಂದು ಕೈಯ ತೋರುಬೆರಳಿನಿಂದ ಹಿಡಿಯ ಮೇಲೆ ಒಂದು ಸಲ ತಟ್ಟಿ. ತುದಿ ನಡುಗಬೇಕು, ತಕ್ಷಣ ನಿಲ್ಲಬೇಕು. ಹುಳುವಿನ ಬಾಲ ಮಾತ್ರ ಇನ್ನೊಂದು ಕ್ಷಣ ಅಲ್ಲಾಡುತ್ತಿರಬೇಕು. ತುದಿ ನಿಲ್ಲದೆ ತೂಗುತ್ತಲೇ ಇದ್ದರೆ ಅದು ನಾನು ಮೊದಲು ಕೊಂಡ ಶ್ಯಾವಿಗೆ ರಾಡ್. ಇಲ್ಲಿನವರೂ ಅದನ್ನು ನೂಡಲ್ ಅಂತಲೇ ಕರೆಯುತ್ತಾರೆ. ನೀವು ಕೊಟ್ಟ ಪುಟ್ಟ ನಡುಕವನ್ನು ಅದು ತಾನೇ ನುಂಗಿಬಿಡುತ್ತದೆ, ಹದಿನೈದು ಅಡಿ ಕೆಳಗೆ ಏನೂ ತಲುಪುವುದಿಲ್ಲ.

ಮೂರನೆಯದು, ತುದಿಯನ್ನು ಅಂಗೈ ಮೇಲೆ ಮೆಲ್ಲಗೆ ಒತ್ತಿ. ಮೊದಲ ನಾಲ್ಕೈದು ಇಂಚು ಸುಲಭವಾಗಿ ಬಾಗಿ, ಅದರ ಕೆಳಗೆ ಬೆನ್ನುಮೂಳೆ ಸಿಕ್ಕ ಹಾಗೆ ಆಗಬೇಕು. ಅದೇ ಮೂಳೆ ಗಾಳ ಕಚ್ಚಿಸುವುದು. ತುದಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಬೇಡಿ. ಮುರಿದರೆ ಹಣ ಕೊಟ್ಟು ಬರಬೇಕಾಗುತ್ತದೆ.

ಕಾರ್ಬನ್ ಅಥವಾ ಗ್ರಾಫೈಟ್ ರಾಡ್ ಹಗುರ, ಚುರುಕು, ಕೈಗೆ ಸುದ್ದಿ ಬೇಗ ಮುಟ್ಟಿಸುತ್ತದೆ. ಫೈಬರ್‌ಗ್ಲಾಸ್ ನಿಧಾನ, ಆದರೆ ಗಟ್ಟಿ. ಮಕ್ಕಳ ಕೈಗೆ ಕೊಡುವುದಾದರೆ ಫೈಬರ್‌ಗ್ಲಾಸೇ ಸರಿ, ಕಾಲಿಟ್ಟರೂ ಸುಲಭಕ್ಕೆ ಮುರಿಯಲ್ಲ. ಪ್ಲಾಸ್ಟಿಕ್ ಹುಳುವಿಗೆ ನನ್ನ ಆಯ್ಕೆ ಗಟ್ಟಿ ಕಾರ್ಬನ್. ಉದ್ದ 28 ಇಂಚು. ಟೆಂಟ್ ಒಳಗೆ ಕೂರುವವರಿಗೆ 24ರಿಂದ 28 ಹಿತ. ಹೊರಗೆ ನಿಂತು ತೂತಿನಿಂದ ತೂತಿಗೆ ಓಡಾಡುವವರು 32, 36ರವರೆಗೂ ಹೋಗುತ್ತಾರೆ, ಬಗ್ಗುವುದು ತಪ್ಪುತ್ತದೆ. ಮೊದಲ ವರ್ಷ ರಾಡಿಗೆ 50 ಡಾಲರ್ ಮೇಲೆ ಹಾಕಬೇಡಿ. ಉಳಿದದ್ದನ್ನು ಟಂಗ್‌ಸ್ಟನ್‌ಗೆ ಹಾಕಿ.

ಹಾಗಂತ ಶ್ಯಾವಿಗೆ ರಾಡ್ ದಂಡ ಅಂತಲ್ಲ. ನಿಜವಾದ ಹುಳು ಸಿಕ್ಕಿಸಿ, ಸ್ಟ್ಯಾಂಡಿನಲ್ಲಿ ಇಟ್ಟು ಸುಮ್ನೆ ಬಿಟ್ಟಾಗ ಅದರಷ್ಟು ಒಳ್ಳೆಯದು ಇಲ್ಲ. ಮೀನಿಗೆ ಎಳೆತವೇ ತಿಳಿಯುವುದಿಲ್ಲ. ನನ್ನದು ಈಗ ಎರಡನೇ ತೂತಿನ ಕಾವಲುಗಾರ.

ತುದಿಗೆ ಒಂದು ಸ್ಪ್ರಿಂಗ್

ಸ್ಪ್ರಿಂಗ್ ಬಾಬರ್ ಅಂತ ಒಂದು ಪುಟ್ಟ ಸಾಧನ ಇದೆ. ತೆಳ್ಳನೆ ಉಕ್ಕಿನ ತಂತಿ ಅಥವಾ ಪಟ್ಟಿ, ತುದಿಯಲ್ಲಿ ಬಣ್ಣದ ಮಣಿ. ರಾಡಿನ ತುದಿಗೆ ಸಿಕ್ಕಿಸಿದರೆ ಮುಂದಕ್ಕೆ ಎರಡು ಮೂರು ಇಂಚು ಚಾಚಿರುತ್ತದೆ, ದಾರ ಅದರ ಮೂಲಕ ಹೋಗುತ್ತದೆ. ನಮ್ಮ ಚಪ್ಪಲಿ ಬೆಂಡಿನ ಅಮೆರಿಕದ ಮೊಮ್ಮಗ ಅನ್ನಿ.

ಇದರ ಬೆಲೆ ನನಗೆ ತಿಳಿದದ್ದು ಒಂದು ಸಂಜೆ. ನಾಲ್ಕೂವರೆಗೆ ಹೊತ್ತು ಮುಳುಗುತ್ತಿತ್ತು. ಜಿಗ್‌ನ ತೂಕಕ್ಕೆ ಕಿತ್ತಳೆ ಮಣಿ ಸ್ವಲ್ಪ ಕೆಳಗೆ ತೂಗುತ್ತಿತ್ತು. ನಾನು ಅದು ಕೆಳಕ್ಕೆ ಎಳೆಯುವುದನ್ನೇ ಕಾಯುತ್ತಿದ್ದೆ. ಮಣಿ ಮೆಲ್ಲಗೆ ಮೇಲೆ ಬಂತು. ತಂತಿ ನೇರ ಆಯಿತು. ದಾರ ಸಡಿಲ. ಏನೋ ಗಾಳಿ ಅಂದುಕೊಂಡೆ. ಮತ್ತೆ ಕೆಳಗೆ ಇಳಿಯಿತು. ಎರಡನೇ ಸಲ ಮೇಲೆ ಬಂದಾಗ ಹೊಳೆಯಿತು: ಕ್ರಾಪಿ ಕೆಳಗಿನಿಂದ ಬಂದು ಹುಳುವನ್ನು ಬಾಯಲ್ಲಿ ಹಿಡಿದು ಮೇಲಕ್ಕೆ ಎತ್ತುತ್ತಿದೆ! ತೂಕ ಹೋದದ್ದೇ ಕಚ್ಚಿದ ಸುದ್ದಿ. ಅದಕ್ಕೆ ಮುಂಚೆ ಇಂಥ ಎಷ್ಟು ಮೀನು ಬಂದು ಹೋಗಿತ್ತೋ.

ಆದರೆ ಒಂದು ತೊಡಕು. ಸ್ಪ್ರಿಂಗ್ ತೀರಾ ಮೆದು ಇದ್ದರೆ ರಾಡಿನ ನಡುಕವನ್ನು ಅದೂ ನುಂಗುತ್ತದೆ, ಶ್ಯಾವಿಗೆ ರಾಡಿನ ಕಥೆಯೇ ಮತ್ತೆ. ಹಿಂದಕ್ಕೆ ಮುಂದಕ್ಕೆ ಜಾರಿಸಿ ಬಿಗಿ ಹೊಂದಿಸುವಂಥದ್ದು ಕೊಳ್ಳಿ. ಹುಳು ಕುಣಿಸುವಾಗ ಗಿಡ್ಡ ಮಾಡಿ, ಮೀನು ಹಟ ಹಿಡಿದಾಗ ಉದ್ದ ಬಿಡಿ.

ರೀಲ್ ಮತ್ತು ಉಳಿದ ಸಣ್ಣಪುಟ್ಟ

ಸಾಮಾನ್ಯ ಸ್ಪಿನ್ನಿಂಗ್ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಬಿಚ್ಚುತ್ತದೆ. ಪ್ರತಿ ಸಲ ಬಿಟ್ಟು ಸುತ್ತಿದಾಗ ಒಂದಿಷ್ಟು ಮುರಿ ಏರುತ್ತದೆ. ಕೆಳಗೆ ಜಿಗ್ ಬುಗುರಿ ಹಾಗೆ ತಿರುಗುತ್ತಾ ಆ ಮುರಿ ಬಿಡಿಸಿಕೊಳ್ಳುತ್ತದೆ. ಇನ್‌ಲೈನ್ ರೀಲ್ ನಮ್ಮ ಬಾವಿ ರಾಟೆ ಥರ. ದಾರ ನೇರವಾಗಿ ಬಿಚ್ಚುತ್ತದೆ, ನೇರವಾಗಿ ಸುತ್ತುತ್ತದೆ, ಮುರಿ ಇಲ್ಲ. ಪ್ಲಾಸ್ಟಿಕ್‌ಗೆ ಇದೇ ಒಳ್ಳೆಯದು. ಸುತ್ತುವುದು ಸ್ವಲ್ಪ ನಿಧಾನ, ಮೂವತ್ತು ಅಡಿ ಆಳಕ್ಕೆ ಬೇಜಾರಾಗುತ್ತದೆ. ಆದರೆ ಸ್ಪಿನ್ನಿಂಗ್ ರೀಲ್ ಮನೆಯಲ್ಲಿ ಇದ್ದರೆ ಅದಕ್ಕಾಗಿ ಹೊಸದು ಕೊಳ್ಳಬೇಕಿಲ್ಲ. ಮೊದಲ ವರ್ಷ ಹಾಗೇ ನಡೆಸಿ. ಹುಳು ಬಿಟ್ಟ ಮೇಲೆ ಅರ್ಧ ನಿಮಿಷ ಸುಮ್ನೆ ಇದ್ದು, ತಿರುಗುವುದು ನಿಂತ ಮೇಲೆ ಕುಣಿಸಲು ಶುರು ಮಾಡಿ.

ತೂತು ಕೊರೆಯಲು 6 ಇಂಚಿನ ಆಗರ್ ಧಾರಾಳ. ತೂತಿನಲ್ಲಿ ತೇಲುವ ಹಿಮದ ಚೂರು ತೆಗೆಯಲು ಅಂಗಡಿಯಲ್ಲಿ ಮಾರುವ ಸೌಟು ನಮ್ಮ ಬೂಂದಿ ಕರಿಯುವ ತೂತಿನ ಸೌಟೇ. ನಾನು ಮನೆಯದ್ದನ್ನೇ ಒಯ್ಯುತ್ತಿದ್ದೆ, ಹಿಡಿ ಮುರಿಯುವವರೆಗೆ. ಕೂರಲು ಐದು ಗ್ಯಾಲನ್ ಬಕೆಟ್ ಸಾಕು.

ಶಬ್ದದ ಅಲೆ ಬಿಟ್ಟು ನೀರಿನೊಳಗೆ ಇರುವುದನ್ನು ತೋರಿಸುವ ಸೋನಾರ್ ಬೇಕಾ? ಮೊದಲ ದಿನಕ್ಕೆ ಬೇಡ, ಎರಡನೇ ವರ್ಷಕ್ಕೆ ಖಂಡಿತ ಬೇಕು. ಫ್ಲ್ಯಾಶರ್ ಅನ್ನುವ ಗುಂಡು ಡಯಲಿನಲ್ಲಿ ತಳ, ನಿಮ್ಮ ಜಿಗ್, ಬರುವ ಮೀನು ಎಲ್ಲ ಬಣ್ಣದ ಗೆರೆಗಳಾಗಿ ಕಾಣುತ್ತವೆ. ಟಂಗ್‌ಸ್ಟನ್ ಜಿಗ್ ಇಲ್ಲೂ ಸ್ಪಷ್ಟವಾಗಿ ಕಾಣುತ್ತದೆ. ಮೀನು ಹತ್ತಿರ ಬಂದು ಹಿಂದೆ ಸರಿದದ್ದು ಕಣ್ಣಿಗೆ ಬಿದ್ದಾಗ ನಿಮ್ಮ ಕೈ ಏನು ತಪ್ಪು ಮಾಡಿತು ಅಂತ ಗೊತ್ತಾಗುತ್ತದೆ.

ಈಗ ಕೆರೆಯ ಮೇಲೆ

ಜಿಗ್ ತಳ ಮುಟ್ಟುವವರೆಗೆ ಬಿಡಿ, ಒಂದಡಿ ಮೇಲೆತ್ತಿ. ಮಣಿಕಟ್ಟು ಅಲ್ಲಾಡಿಸಬೇಡಿ. ಹೆಬ್ಬೆರಳು ತೋರುಬೆರಳಿನ ನಡುವೆ ರಾಡ್ ಹಿಡಿದು, ಚಿಟಿಕೆ ಉಪ್ಪು ಉದುರಿಸುವ ಹಾಗೆ ಬೆರಳಲ್ಲೇ ನಡುಗಿಸಿ. ತುದಿ ಕಾಲು ಇಂಚಿಗಿಂತ ಹೆಚ್ಚು ಆಡಬಾರದು. ನಡುಗಿಸುತ್ತಲೇ ನಿಧಾನವಾಗಿ ಒಂದಡಿ ಮೇಲೆ ಬನ್ನಿ. ನಿಲ್ಲಿಸಿ. ಮೂರು ಎಣಿಸಿ. ಹೆಚ್ಚಾಗಿ ಕಚ್ಚುವುದು ನಡುಗುವಾಗ ಅಥವಾ ನಿಲ್ಲಿಸಿದ ಮೊದಲ ಕ್ಷಣದಲ್ಲಿ. ನಿಜವಾದ ಹುಳು ಆಗಿದ್ದರೆ ನಿಮಿಷಗಟ್ಟಲೆ ಸುಮ್ನೆ ಬಿಡಬಹುದಿತ್ತು. ಪ್ಲಾಸ್ಟಿಕ್ ಹಾಗೆ ಬಿಟ್ಟರೆ ಮೀನಿಗೆ ಅದು ಬರೀ ಕಸ.

ಕ್ರಾಪಿಯ ಕಣ್ಣು ಮೇಲಕ್ಕೆ ನೋಡಲು ಹೊಂದಿದವು. ಹುಳು ಯಾವಾಗಲೂ ಅದರ ತಲೆಗಿಂತ ಒಂದೆರಡು ಅಡಿ ಮೇಲೆ ಇರಲಿ. ಕೆಳಗೆ ಹೋಯಿತೋ, ಅದರ ಪಾಲಿಗೆ ನಿಮ್ಮ ಹುಳು ಇಲ್ಲವೇ ಇಲ್ಲ.

ತುದಿ ಇಳಿದರೂ, ಏರಿದರೂ, ದಾರ ಪಕ್ಕಕ್ಕೆ ಸರಿದರೂ ಎತ್ತಿ. ಸಂಶಯ ಬಂದರೂ ಎತ್ತಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪ್ಲಾಸ್ಟಿಕ್ ಅನ್ನು ಮೀನು ಜಾಸ್ತಿ ಹೊತ್ತು ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಎತ್ತುವುದು ಆರು ಇಂಚು ಮಾತ್ರ, ಮಣಿಕಟ್ಟಿನಿಂದ. ಕ್ರಾಪಿಯ ಕಾಗದದ ತುಟಿ ನೆನಪಿರಲಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಬೇಕು ಅನ್ನುವ ತಡೆ, ಸಡಿಲ ಇಡಿ.

ಹತ್ತು ನಿಮಿಷ ಏನೂ ಇಲ್ಲದಿದ್ದರೆ ತೂತು ಬದಲಿಸಿ. ಹುಳುವಿನ ಬಣ್ಣ ಬದಲಿಸುತ್ತಾ ಕೂರುವುದು ನಮಗೆ ಸಮಾಧಾನ ಅಷ್ಟೇ. ಇನ್ನೊಂದು, ಮೂವತ್ತು ಅಡಿಯಷ್ಟು ಆಳದಿಂದ ಎತ್ತಿದ ಕ್ರಾಪಿಯ ಗಾಳಿಚೀಲ ಉಬ್ಬಿಬಿಡುತ್ತದೆ. ಮತ್ತೆ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ. ಅಷ್ಟು ಆಳದಲ್ಲಿ ಊಟಕ್ಕೆ ಬೇಕಾದಷ್ಟು ಹಿಡಿದ ಮೇಲೆ ಗಾಳ ಎತ್ತಿಬಿಡಿ. ಹಿಡಿದು ಬಿಡುವ ಆಟ ಬೇಕಿದ್ದರೆ ದಡದ ಹತ್ತಿರ ಬನ್ನಿ.

ರಾಡಿನ ಉಂಗುರಗಳಲ್ಲಿ ಹಿಮ ಕಟ್ಟಿದರೆ ಕುಟ್ಟಿ ಉದುರಿಸಬೇಡಿ. ತುದಿ ಮುರಿಯುವುದು ಹೀಗೇ. ಬೆರಳಲ್ಲಿ ಹಿಡಿದು ಕರಗಿಸಿ, ಅಥವಾ ತುದಿಯನ್ನು ತೂತಿನ ನೀರಿಗೇ ಅದ್ದಿ. ಆ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ. ಹುಳುವಿನ ಪೊಟ್ಟಣವನ್ನು ಜಾಕೆಟ್ ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಮೆದುವಾಗಿ ಉಳಿಯುತ್ತದೆ.

ಮನೆಗೆ ಬಂದ ಮೇಲೆ ಜಿಗ್‌ನಿಂದ ಹುಳು ಬಿಚ್ಚಿ, ಒರೆಸಿ, ಅದು ಬಂದ ಪೊಟ್ಟಣಕ್ಕೇ ವಾಪಸ್ ಹಾಕಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬೇಡ, ಬೇರೆ ಬೇರೆ ಕಂಪನಿಯ ಹುಳು ಒಟ್ಟಿಗೂ ಬೇಡ. ಒಂದು ಮಾರ್ಚಿನಲ್ಲಿ ನಾನು ಮಿಕ್ಕ ಹುಳುಗಳನ್ನೆಲ್ಲ ಒಂದು ಚಂದದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿನಲ್ಲಿ ಇಟ್ಟಿದ್ದೆ. ಡಿಸೆಂಬರಿನಲ್ಲಿ ತೆಗೆದರೆ ಎಲ್ಲ ಕರಗಿ, ಬಣ್ಣ ಕಲಸಿ, ಡಬ್ಬಿಯ ತಳವನ್ನೂ ತಿಂದು ಒಂದೇ ಮುದ್ದೆ ಆಗಿತ್ತು. ಅದರಲ್ಲಿ ಎರಡು ಟಂಗ್‌ಸ್ಟನ್ ಜಿಗ್ ಸಿಕ್ಕಿಕೊಂಡಿದ್ದವು. ಚಾಕು ಹಿಡಿದು ಅರ್ಧ ಗಂಟೆ ಕೂತು ಅವನ್ನು ಬಿಡಿಸಿಕೊಂಡೆ. ಈ ಚಳಿಗಾಲ ನಾನು ಹಿಡಿದ ಮೊದಲ ಬ್ಲೂಗಿಲ್ ಅದರಲ್ಲಿ ಒಂದಕ್ಕೇ ಕಚ್ಚಿತು. ಬ್ಯಾಡಗಿ ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿದೆವು.